ಒಂದೇ ಕೀ ಕೆಟ್ಟರೆ ಇಡೀ ಕೀಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ತಗೊಂಡು ನಾಲ್ಕು ವರ್ಷ ಆಯಿತು. ಬೇರೆಲ್ಲ ಚೆನ್ನಾಗಿದೆ, 'ಆರ್' ಕೀ ಒಂದೇ ತೊಂದರೆ ಕೊಡುತ್ತಿದೆ. ಕೆಲವು ಸಲ ಜೋರಾಗಿ ಒತ್ತಿದರೆ ಮಾತ್ರ ಅಕ್ಷರ ಬೀಳುತ್ತದೆ. ಇನ್ನು ಕೆಲವು ಸಲ ಒಮ್ಮೆ ಒತ್ತಿದರೆ ಎರಡು ಬೀಳುತ್ತದೆ. ಕೀ ಸ್ವಲ್ಪ ಅಲುಗಾಡುತ್ತಲೂ ಇದೆ. ರಿಪೇರಿಗೆ ತೋರಿಸಿದರೆ ಪೂರ್ತಿ ಕೀಬೋರ್ಡೇ ಬದಲಿಸಬೇಕು ಅಂದರು. ಒಂದು ಕೀಗೋಸ್ಕರ ಇಡೀ ಕೀಬೋರ್ಡ್ ಯಾಕೆ ಸರ್? ಕೀ ಕಿತ್ತು ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾ?

ಉತ್ತರ: ಮಾಡಿಕೊಳ್ಳಬಹುದು. ಆದರೆ ಕೀ ಕೀಳುವುದು ಮೊದಲ ಕೆಲಸ ಅಲ್ಲ. ಮೊದಲೇ ಕಿತ್ತು ಕೂತವರು ಇರುವ ತೊಂದರೆಗೆ ಮುರಿದ ಕ್ಲಿಪ್ ಅನ್ನೋ ಇನ್ನೊಂದನ್ನು ಸೇರಿಸಿಕೊಂಡು ಬರುತ್ತಾರೆ. ನಿಮ್ಮ ರಿಪೇರಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೀ ಒಳಗೆ ಯಾವ ಪದರ ಕೆಟ್ಟಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಅದನ್ನು ನೋಡದೆಯೇ ತೀರ್ಮಾನ ಹೇಳಿಬಿಟ್ಟರಲ್ಲ, ನನ್ನ ತಕರಾರು ಅಷ್ಟೆ.

ಕೀ ಅಂದರೆ ಒಂದರ ಮೇಲೊಂದು ಕೂತ ನಾಲ್ಕು ವಸ್ತು. ಎಲ್ಲಕ್ಕಿಂತ ಮೇಲೆ ಅಕ್ಷರ ಬರೆದಿರುವ ಪ್ಲಾಸ್ಟಿಕ್ ಮುಚ್ಚಳ, ಅದು ಕೀಕ್ಯಾಪ್. ಅದರ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಕ್ಲಿಪ್. ಇದರಲ್ಲಿ ಎರಡು ಚೌಕಟ್ಟು ಕತ್ತರಿಯ ಅಲಗುಗಳಂತೆ ಅಡ್ಡಲಾಗಿ ಸೇರಿಕೊಂಡಿರುತ್ತವೆ. ಯಾವ ಮೂಲೆ ಒತ್ತಿದರೂ ಕೀ ವಾಲದೆ ನೆಟ್ಟಗೆ ಇಳಿಯುವುದು ಇದರಿಂದಲೇ. ಕ್ಲಿಪ್ಪಿನ ನಡುವೆ ಬೋರಲು ಹಾಕಿದ ಪುಟ್ಟ ಬಟ್ಟಲಿನಂಥ ಸಿಲಿಕೋನ್ ರಬ್ಬರ್. ಒತ್ತಿದಾಗ ಕುಸಿದು, ಬಿಟ್ಟಾಗ ಕೀಯನ್ನು ಮೇಲೆ ತಳ್ಳುವುದು ಇದರ ಕೆಲಸ. ಕೊನೆಗೆ, ತಳದಲ್ಲಿ, ಒಂದು ಪ್ಲಾಸ್ಟಿಕ್ ಶೀಟ್.

ಈ ಶೀಟ್‌ನಲ್ಲೇ ಇರುವುದು ನಿಜವಾದ ಸ್ವಿಚ್. ಅದರಲ್ಲಿ ಮೂರು ಪದರ. ಮೇಲಿನದರ ಅಡಿಭಾಗದಲ್ಲಿ, ಕೆಳಗಿನದರ ಮೇಲ್ಭಾಗದಲ್ಲಿ ವಿದ್ಯುತ್ ಹರಿಯುವ ಗೆರೆಗಳನ್ನು ಪ್ರಿಂಟ್ ಮಾಡಿರುತ್ತಾರೆ. ನಡುವಿನ ಪದರದಲ್ಲಿ ಪ್ರತಿ ಕೀ ಇರುವ ಜಾಗಕ್ಕೂ ಒಂದು ತೂತು. ರಬ್ಬರ್ ಕುಸಿದು ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತದೆ. ತಾಗಿದರೆ ಅಕ್ಷರ ಬಿತ್ತು.

ಗಮನಿಸಿ: ಕೀಕ್ಯಾಪ್, ಕ್ಲಿಪ್, ರಬ್ಬರ್ ಈ ಮೂರೂ ಆಯಾ ಕೀಗೆ ಸೇರಿದ್ದು. ಶೀಟ್ ಮಾತ್ರ ಇಡೀ ಕೀಬೋರ್ಡಿಗೆ ಒಂದೇ. ಮೊದಲ ಮೂರರಲ್ಲಿ ಏನು ಕೆಟ್ಟರೂ ಒಂದೇ ಕೀ ಸರಿ ಮಾಡಬಹುದು. ಶೀಟ್ ಕೆಟ್ಟರೆ ರಿಪೇರಿಯವರ ಮಾತೇ ಸರಿ. ಶೀಟ್ ಒಂದು ಲೋಹದ ತಗಡಿನ ಜೊತೆ ಸೇರಿಕೊಂಡಿರುತ್ತದೆ. ಆ ತಗಡಿನಿಂದ ಮೇಲೆದ್ದ ಸಣ್ಣ ಕೊಕ್ಕೆಗಳಿಗೇ ಕ್ಲಿಪ್‌ಗಳು ಸಿಕ್ಕಿಕೊಂಡಿರುತ್ತವೆ. ಅದನ್ನು ಬಿಡಿಸಿ ಒಂದು ಗೆರೆ ಸರಿ ಮಾಡಿ ಮತ್ತೆ ಜೋಡಿಸುವುದು ಬಾಯಲ್ಲಿ ಹೇಳುವಷ್ಟು ಸುಲಭ ಅಲ್ಲ. ಮಾಡಿದರೂ ಬಾಳಿಕೆ ಬರುವುದು ಕಡಿಮೆ.

ಮೊದಲು ಸಾಫ್ಟ್‌ವೇರ್ ಅನುಮಾನ ಕಳೆದುಕೊಳ್ಳಿ

ಎಲ್ಲಿಂದಾದರೂ ಒಂದು ಯುಎಸ್‌ಬಿ ಕೀಬೋರ್ಡ್ ತಂದು ಚುಚ್ಚಿ. ಅದರಲ್ಲಿ 'ಆರ್' ಒತ್ತಿ ನೋಡಿ. ಅಲ್ಲಿ ಸರಿಯಾಗಿ ಬಿದ್ದರೆ ವಿಂಡೋಸ್, ಡ್ರೈವರ್, ವೈರಸ್ ಅಂತ ತಲೆ ಕೆಡಿಸಿಕೊಳ್ಳುವುದನ್ನು ಬಿಡಬಹುದು. ಅಲ್ಲೂ ಅದೇ ಗೋಳಾದರೆ ತೊಂದರೆ ಕೀಯಲ್ಲಿ ಇಲ್ಲ. ಇಷ್ಟು ಸರಳ ಪರೀಕ್ಷೆ ಬಿಟ್ಟು ಜನ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿಕೊಂಡು ಬರುತ್ತಾರೆ, ಕೀ ಮಾತ್ರ ಹಾಗೇ ಇರುತ್ತದೆ.

ನಿಮಗೆ ಬೇಡದಿದ್ದರೂ ಬೇರೆಯವರಿಗೆ ಉಪಯೋಗಕ್ಕೆ ಬರುವ ಎರಡು ಮೂರು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ಕೀಗಳನ್ನೂ ಒಂದು ಕ್ಷಣ ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತಿದ್ದರೆ ವಿಂಡೋಸ್‌ನ ಫಿಲ್ಟರ್ ಕೀಸ್ ಆನ್ ಆಗಿರಬಹುದು. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಹಿಡಿದರೆ ಅದನ್ನು ಆನ್ ಮಾಡುವುದಾ ಅಂತ ಕೇಳುತ್ತದೆ. ಯೋಚನೆ ಮಾಡುತ್ತಾ ಕೈ ಊರಿಕೊಂಡು ಕೂತಾಗ ನಮಗೇ ಗೊತ್ತಿಲ್ಲದೆ ಹೂಂ ಅಂದುಬಿಟ್ಟಿರುತ್ತೇವೆ. ಅಕ್ಷರ ಒತ್ತಿದರೆ ಅಂಕಿ ಬೀಳುತ್ತಿದೆ ಅಂದರೆ ನಮ್ ಲಾಕ್ ನೋಡಿ. ಅಟ್ ಚಿಹ್ನೆಯ ಜಾಗದಲ್ಲಿ ಉದ್ಧರಣ ಚಿಹ್ನೆ ಬರುತ್ತಿದ್ದರೆ ಕೀಬೋರ್ಡ್ ಸೆಟಿಂಗ್ ಅಮೆರಿಕದ್ದರ ಬದಲು ಬ್ರಿಟನ್ನಿನದು ಆಗಿದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಯಾವ ಭಾಷೆ, ಯಾವ ಲೇಔಟ್ ಇದೆ ಅಂತ ಕಾಣುತ್ತದೆ. ಇವೆಲ್ಲ ಎರಡು ನಿಮಿಷದ ಕೆಲಸ.

ಇನ್ನೊಂದು ವಿಚಿತ್ರ ಇದೆ. ಲ್ಯಾಪ್‌ಟಾಪಿಗೆ ಹುಚ್ಚು ಹಿಡಿದ ಹಾಗೆ ಆಡುತ್ತದೆ. ಅಕ್ಷರ ಒತ್ತಿದರೆ ಬೀಳುವುದಿಲ್ಲ, ಬದಲಿಗೆ ಪ್ರಿಂಟ್ ಕಿಟಕಿ ತೆರೆದುಕೊಳ್ಳುತ್ತದೆ. ಸ್ಕ್ರಾಲ್ ಮಾಡಿದರೆ ಪುಟ ಮೇಲೆ ಹೋಗುವ ಬದಲು ಅಕ್ಷರ ದೊಡ್ಡದಾಗುತ್ತದೆ. ಇದು ವೈರಸ್ ಅಲ್ಲ, ಕಂಟ್ರೋಲ್ ಕೀ ಒತ್ತಿದ ಸ್ಥಿತಿಯಲ್ಲೇ ಕಚ್ಚಿಕೊಂಡಿದೆ ಅಷ್ಟೆ. ಎಫ್2 ಅಥವಾ ಡಿಲೀಟ್ ಕೀ ಹಾಗೆ ಕಚ್ಚಿಕೊಂಡರೆ, ಆ ಕೀಯಿಂದಲೇ ಬಯಾಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟಿಂಗ್ ಪರದೆ) ತೆರೆಯುವ ಲ್ಯಾಪ್‌ಟಾಪುಗಳು ಆನ್ ಮಾಡಿದಾಗಲೆಲ್ಲ ವಿಂಡೋಸ್ ಬಿಟ್ಟು ಬಯಾಸ್‌ಗೇ ಹೋಗಿ ನಿಲ್ಲುತ್ತವೆ.

ಲಕ್ಷಣ ಏನು ಹೇಳುತ್ತದೆ

ನಿಮ್ಮ ಕೀಯ ಎರಡು ದೂರು ಬೇರೆ ಬೇರೆ ಅನ್ನಿಸಬಹುದು. ಒಂದು ಕಡೆ ಬೀಳುವುದೇ ಇಲ್ಲ, ಇನ್ನೊಂದು ಕಡೆ ಎರಡೆರಡು ಬೀಳುತ್ತದೆ. ಸಾಮಾನ್ಯವಾಗಿ ಎರಡರ ಮೂಲವೂ ಒಂದೇ, ಲೂಸ್ ಕಾಂಟ್ಯಾಕ್ಟ್. ಯಾವ ಸ್ವಿಚ್ ಆದರೂ ತಾಗುವಾಗ ಒಂದೇ ಏಟಿಗೆ ಗಟ್ಟಿಯಾಗಿ ತಾಗುವುದಿಲ್ಲ. ಕೆಲವು ಮಿಲಿಸೆಕೆಂಡ್ ತಾಗಿ, ಬಿಟ್ಟು, ಮತ್ತೆ ತಾಗಿ ಆಮೇಲೆ ನಿಲ್ಲುತ್ತದೆ. ಮದರ್‌ಬೋರ್ಡಿನಲ್ಲಿ ಕೀಗಳನ್ನು ಕಾಯುತ್ತಾ ಕೂತಿರುವ ಚಿಪ್‌ಗೆ ಇದು ಗೊತ್ತು. ಅದು ಸ್ವಲ್ಪ ತಡೆದು, ನಿಂತ ಮೇಲೆ ಒಂದು ಅಂತ ಲೆಕ್ಕ ಹಾಕುತ್ತದೆ. ಕೊಳೆ ಸೇರಿಯೋ ಸವೆದೋ ಈ ಅದುರಾಟ ಚಿಪ್ ಕಾಯುವುದಕ್ಕಿಂತ ಜಾಸ್ತಿ ಹೊತ್ತು ನಡೆದರೆ ಅದನ್ನು ಎರಡು ಸಲ ಒತ್ತಿದ್ದು ಅಂತ ತಿಳಿಯುತ್ತದೆ. ತಾಗುವುದೇ ಸರಿಯಾಗಿ ಆಗದಿದ್ದರೆ ಏನೂ ಬೀಳುವುದಿಲ್ಲ.

ಜೊತೆಗೆ ಕೀ ಅಲುಗಾಡುತ್ತಿದೆ ಅಂದಿದ್ದೀರಿ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಮಾತು ಅದು. ಅಲುಗಾಡುವುದು ಅಂದರೆ ಕೀಕ್ಯಾಪ್ ಅಥವಾ ಕ್ಲಿಪ್ ಒಂದು ಕಡೆ ಬಿಟ್ಟುಕೊಂಡಿದೆ. ವಾಲಿದ ಕೀ ರಬ್ಬರಿನ ನಡುವೆ ಒತ್ತದೆ ಪಕ್ಕಕ್ಕೆ ಒತ್ತುತ್ತದೆ. ಆಗ ನೀವು ಹೇಳಿದ ಎರಡೂ ತೊಂದರೆ ಬರಬಹುದು. ಶೀಟ್ ಚೆನ್ನಾಗಿಯೇ ಇರುವ ಸಾಧ್ಯತೆ ಇದೆ.

ಅಕಸ್ಮಾತ್ 'ಆರ್' ಜೊತೆ ಇನ್ನೂ ಮೂರು ನಾಲ್ಕು ಕೀ ಸತ್ತಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಪ್ರತಿ ಕೀಗೂ ಬೇರೆ ಬೇರೆ ತಂತಿ ಎಳೆದರೆ ನೂರು ತಂತಿ ಬೇಕು. ಅದರ ಬದಲು ಶೀಟಿನ ಗೆರೆಗಳನ್ನು ಅಡ್ಡ, ಉದ್ದ ಜಾಲರಿಯಾಗಿ ಹೆಣೆಯುತ್ತಾರೆ. ಅಡ್ಡಕ್ಕೆ 8, ಉದ್ದಕ್ಕೆ 16 ಇದ್ದರೆ 24 ಗೆರೆಯಲ್ಲೇ 128 ಕೂಡುವ ಜಾಗ ಸಿಗುತ್ತದೆ. ಲ್ಯಾಪ್‌ಟಾಪಿನ 80-100 ಕೀಗೆ ಧಾರಾಳ ಸಾಕು. ಈ ಗೆರೆಗಳಲ್ಲಿ ಒಂದು ತುಂಡಾದರೆ ಅದಕ್ಕೆ ಸೇರಿದ ಕೀಗಳೆಲ್ಲ ಒಟ್ಟಿಗೆ ಸಾಯುತ್ತವೆ. ಆ ಕೀಗಳು ಅಕ್ಕಪಕ್ಕದಲ್ಲಿ ಇರಬೇಕು ಅಂತೇನಿಲ್ಲ. ಒಂದು ಅಲ್ಲಿ, ಒಂದು ಇಲ್ಲಿ, ಸಂಬಂಧವೇ ಇಲ್ಲದ ಹಾಗೆ ಚದುರಿರುತ್ತವೆ. ಹಾಗೆ ಒಟ್ಟಿಗೆ ಕೈಕೊಟ್ಟ ಕೀಗಳನ್ನು ಒಂದೊಂದಾಗಿ ಕಿತ್ತು ಒರೆಸುವುದು ವ್ಯರ್ಥ. ಕೀಬೋರ್ಡಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ಸಡಿಲ ಆಗಿದೆಯಾ ಅಂತ ಮೊದಲು ನೋಡಬೇಕು. ಅದು ಸರಿ ಇದ್ದರೆ ಶೀಟ್ ಹೋಗಿದೆ ಅಂತಲೇ ಲೆಕ್ಕ.

ಕೀಬೋರ್ಡಿನ ನಡುಭಾಗವೇ ಉಬ್ಬಿದ ಹಾಗಿದ್ದರೆ, ಟಚ್‌ಪ್ಯಾಡ್ ಕ್ಲಿಕ್ ಆಗದೆ ಬಿಗಿಯಾಗಿದ್ದರೆ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಾಗ ಕುಣಿಯುತ್ತಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಒಳಗೆ ಬ್ಯಾಟರಿ ಊದಿಕೊಂಡು ಕೆಳಗಿನಿಂದ ತಳ್ಳುತ್ತಿರಬಹುದು. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ಗೊತ್ತಿರುವವರ ಕೈಗೆ ಕೊಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಕೀಳುವ ಮೊದಲು, ಕೀಳುವಾಗ

ವಾರಂಟಿ ಇದ್ದರೆ ಕೈ ಹಾಕಬೇಡಿ, ಅವರಿಗೇ ಕೊಡಿ. ನಾಲ್ಕು ವರ್ಷ ಆಗಿದೆ ಅಂದರೆ ನಿಮಗೆ ಇರಲಿಕ್ಕಿಲ್ಲ.

ಮೊದಲು ಕೀ ಕೀಳದೆಯೇ ಕ್ಲೀನ್ ಮಾಡಿ ನೋಡಿ. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಸ್ಲೀಪ್ ಸಾಲದು. ಕಂಪ್ರೆಸ್ಡ್ ಏರ್ ಡಬ್ಬಿ ಸಿಕ್ಕರೆ ಲ್ಯಾಪ್‌ಟಾಪನ್ನು ವಾಲಿಸಿ ಹಿಡಿದು 'ಆರ್' ಸುತ್ತ ನಾಲ್ಕೂ ಬದಿಯಿಂದ ಚಿಕ್ಕ ಚಿಕ್ಕದಾಗಿ ಊದಿ. ಮ್ಯಾಕ್‌ಬುಕ್‌ಗೆ ಆಪಲ್ ಹೇಳುವುದು 75 ಡಿಗ್ರಿ ಕೋನ. ಅದು ಬೇರೆಯವಕ್ಕೂ ಆಗುತ್ತದೆ. ವಾಲಿಸಬೇಕಾದ್ದು ಲ್ಯಾಪ್‌ಟಾಪನ್ನು, ಡಬ್ಬಿಯನ್ನಲ್ಲ. ಡಬ್ಬಿ ತಲೆಕೆಳಗಾದರೆ ಗಾಳಿಯ ಬದಲು ಒಳಗಿನ ದ್ರವವೇ ಹಿಮದ ಹಾಗೆ ಚಿಮ್ಮುತ್ತದೆ. ಬಾಯಲ್ಲಿ ಊದಬೇಡಿ, ಗಾಳಿಗಿಂತ ಎಂಜಲು ಜಾಸ್ತಿ ಹೋಗುತ್ತದೆ. ಸಿಕ್ಕಿಕೊಂಡದ್ದು ಒಣ ಪುಡಿ ಆದರೆ ಇಷ್ಟಕ್ಕೇ ಹೋಗುತ್ತದೆ.

ಹೋಗಲಿಲ್ಲ ಅಂದರೆ ಕೀಕ್ಯಾಪ್ ಬಿಚ್ಚಬೇಕು. ಕೀಬೋರ್ಡಿನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ. ಕೆಳಗೆ ತಿಳಿ ಬಣ್ಣದ ಬಟ್ಟೆ ಹಾಸಿ. ಕ್ಲಿಪ್ ಚಿಮ್ಮಿ ನೆಲಕ್ಕೆ ಬಿದ್ದರೆ ಹುಡುಕುವುದೇ ಒಂದು ದಿನದ ಕೆಲಸ ಆಗುತ್ತದೆ. ಎಬ್ಬಿಸಲು ಉಗುರು ಅಥವಾ ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡ್ ಸಾಕು. ಚಾಕು, ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ.

ಇಲ್ಲಿ ಆತುರ ಬೇಡ. ಕೀಕ್ಯಾಪ್ ತಿರುಗಿಸಿ ನೋಡಿದರೆ ಒಳಗೆ ನಾಲ್ಕು ಹಿಡಿಕೆ ಕಾಣುತ್ತವೆ. ಸಾಮಾನ್ಯವಾಗಿ ಒಂದು ಬದಿಯ ಎರಡು ಹಿಡಿಕೆಗಳಿಗೆ ಕ್ಲಿಪ್ಪಿನ ಸಣ್ಣ ಕಡ್ಡಿಗಳು ಟಿಕ್ ಅಂತ ಕಚ್ಚಿ ಕೂರುತ್ತವೆ. ಎದುರು ಬದಿಯ ಎರಡರಲ್ಲಿ ಕಡ್ಡಿಗಳು ಕಚ್ಚುವುದಿಲ್ಲ, ಜಾರುತ್ತವೆ. ಜಾರದಿದ್ದರೆ ಕತ್ತರಿ ಮಡಚಿಕೊಳ್ಳುವುದಕ್ಕೇ ಆಗುವುದಿಲ್ಲ. ಕಚ್ಚಿದ ಬದಿಯನ್ನು ಮೊದಲು ಎಬ್ಬಿಸಬೇಕು. ಅದು ಬಿಟ್ಟ ಮೇಲೆ ಕೀಯನ್ನು ಜಾರುವ ಬದಿಯಿಂದ ಮೆಲ್ಲಗೆ ಎಳೆದರೆ ಹೊರಬರುತ್ತದೆ. ಉಲ್ಟಾ ಮಾಡಿದರೆ, ಅಂದರೆ ಜಾರುವ ಬದಿಯಿಂದ ಮೀಟಿ ಎಬ್ಬಿಸಿದರೆ, ಆ ಹಿಡಿಕೆಯೋ ಕ್ಲಿಪ್ಪಿನ ಕಡ್ಡಿಯೋ ಮುರಿಯುತ್ತದೆ. ಕಚ್ಚುವ ಬದಿ ಮೇಲಿನದಾ ಕೆಳಗಿನದಾ ಅನ್ನೋದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಲ್ಯಾಪ್‌ಟಾಪಿನ ಅಡಿಯಲ್ಲಿ ಬರೆದಿರುವ ಮಾಡೆಲ್ ಹೆಸರು ಹಾಕಿ ಒಂದು ವಿಡಿಯೋ ನೋಡಿಕೊಂಡೇ ಶುರು ಮಾಡಿ. ಮೂಲೆಯಲ್ಲಿ ಉಗುರು ಹಾಕಿ ಎತ್ತಿದಾಗ ಒಂದು ಟಿಕ್, ಪಕ್ಕದ ಮೂಲೆಯಲ್ಲಿ ಇನ್ನೊಂದು ಟಿಕ್ ಕೇಳಬೇಕು. ಅಷ್ಟಾದ ಮೇಲೆ ಬಲ ಹಾಕುವ ಅಗತ್ಯವೇ ಬೀಳುವುದಿಲ್ಲ. ಬಲ ಬೇಕು ಅನ್ನಿಸಿದರೆ ನಿಲ್ಲಿಸಿ, ಇನ್ನೊಂದು ಬದಿಯಿಂದ ನೋಡಿ.

ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಥರದ ಅಗಲ ಕೀಗಳ ಅಡಿಯಲ್ಲಿ ಇದರ ಜೊತೆಗೆ ತೆಳು ಲೋಹದ ಕಂಬಿಯೂ ಇರುತ್ತದೆ. ಮೊದಲ ಸಲ ಕೈ ಹಾಕುವವರು ಅವುಗಳ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು. ನಿಮ್ಮದು 'ಆರ್', ಅದೃಷ್ಟ.

ಎರೇಸರ್ ಪರೀಕ್ಷೆ

ಕೀಕ್ಯಾಪ್ ಬಿಚ್ಚಿದ ಮೇಲೆ ಕ್ಲಿಪ್ ಮತ್ತು ರಬ್ಬರ್ ಕಾಣುತ್ತವೆ. ಈಗ ಲ್ಯಾಪ್‌ಟಾಪ್ ಆನ್ ಮಾಡಿ ಒಂದು ಖಾಲಿ ಫೈಲ್ ತೆರೆಯಿರಿ. ಪೆನ್ಸಿಲ್ಲಿನ ಹಿಂದಿನ ಎರೇಸರ್ ತುದಿಯಿಂದ ರಬ್ಬರಿನ ನೆತ್ತಿಯನ್ನು ನೇರವಾಗಿ ಒತ್ತಿ. ಪೆನ್ನಿನ ಮೊನೆ ಬೇಡ, ರಬ್ಬರ್ ತೂತಾಗುತ್ತದೆ. ಇಪ್ಪತ್ತು ಮೂವತ್ತು ಸಲ ಒತ್ತಿ, ಬಿದ್ದ ಅಕ್ಷರ ಎಣಿಸಿ.

ಒತ್ತಿದಷ್ಟೂ ಸಲ ಒಂದೊಂದೇ ಬಿದ್ದರೆ ಶೀಟ್ ಸರಿ ಇದೆ, ರಬ್ಬರ್ ಸರಿ ಇದೆ. ತಪ್ಪು ಕೀಕ್ಯಾಪ್ ಅಥವಾ ಕ್ಲಿಪ್‌ದು. ಪೂರ್ತಿ ಕೀಬೋರ್ಡಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ಎರೇಸರ್‌ನಿಂದ ಒತ್ತಿದರೂ ಬಿಟ್ಟು ಬಿಟ್ಟು ಬೀಳುತ್ತಿದ್ದರೆ ರಬ್ಬರ್ ನೋಡಿ. ಪಕ್ಕದ ಕೀಯ ರಬ್ಬರಿಗಿಂತ ಮೆತ್ತಗಾಗಿದೆಯಾ, ಒಂದು ಬದಿ ಹರಿದಿದೆಯಾ, ಜಾಗ ಬಿಟ್ಟು ಸರಿದಿದೆಯಾ? ರಬ್ಬರ್ ತಾನಾಗಿಯೇ ಕಿತ್ತು ಬಂದಿದ್ದರೆ ಅದನ್ನು ಪಕ್ಕಕ್ಕಿಟ್ಟು ಬರೀ ಶೀಟನ್ನೇ ಎರೇಸರ್‌ನಿಂದ ಮೆತ್ತಗೆ ಒತ್ತಿ. ಆಗ ಅಕ್ಷರ ಸರಿಯಾಗಿ ಬಿದ್ದರೆ ರಬ್ಬರಿನದೇ ತೊಂದರೆ. ಆಗಲೂ ಬೀಳದಿದ್ದರೆ ಶೀಟ್ ಹೋಗಿದೆ. ರಬ್ಬರ್ ಅಂಟಿಕೊಂಡೇ ಇದ್ದರೆ ಪರೀಕ್ಷೆಗಾಗಿ ಅದನ್ನು ಕೀಳುವುದು ಬೇಡ, ಮತ್ತೆ ಹಾಗೆ ಕೂರುವುದಿಲ್ಲ.

ಒಂದು ಕೀಯ ಜಾತಕ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನಿಮ್ಮ ರಿಪೇರಿಯವರು ಇದನ್ನು ಮಾಡಿದ್ದರಾ ಅಂತ ಒಂದು ಮಾತು ಕೇಳಿ ನೋಡಿ.

ಏನು ಸಿಕ್ಕರೆ ಏನು ಮಾಡುವುದು

ಕೊಳೆ, ಕೂದಲು, ಅಂಟು ಸಿಕ್ಕಿದರೆ ಮತ್ತೆ ಆಫ್ ಮಾಡಿ ಕ್ಲೀನ್ ಮಾಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ, 90 ಪರ್ಸೆಂಟಿಗಿಂತ ಜಾಸ್ತಿ ಇರುವುದು. 70 ಪರ್ಸೆಂಟಿನದರಲ್ಲಿ ಉಳಿದದ್ದು ಬಹುತೇಕ ನೀರೇ, ನಿಧಾನವಾಗಿ ಆರುತ್ತದೆ. ಇಯರ್‌ಬಡ್ ತುದಿಯನ್ನು ಅದ್ದಿ, ಹಿಂಡಿ, ರಬ್ಬರಿನ ಸುತ್ತ ಒರೆಸಿ. ಸುರಿಯಬೇಡಿ. ಕೀಕ್ಯಾಪ್, ಕ್ಲಿಪ್ ಎರಡನ್ನೂ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ಉಗುರಿನ ಬಣ್ಣ ತೆಗೆಯುವ ದ್ರವ, ಥಿನ್ನರ್ ಬೇಡವೇ ಬೇಡ. ಪ್ಲಾಸ್ಟಿಕ್ ಕರಗುತ್ತದೆ, ಮೇಲಿನ ಅಕ್ಷರವೂ ಅಳಿಸುತ್ತದೆ. ಹ್ಯಾಂಡ್ ಸ್ಯಾನಿಟೈಸರ್‌ನಲ್ಲೂ ಆಲ್ಕೋಹಾಲ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದರಲ್ಲಿ ಜೆಲ್, ಗ್ಲಿಸರಿನ್ ಕೂಡ ಇರುತ್ತದೆ, ಒಣಗಿದ ಮೇಲೆ ಅದೇ ಹೊಸ ಅಂಟಾಗುತ್ತದೆ. ಕೀಚು ಅನ್ನುವ ಬಾಗಿಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಕೂಡ ಇಲ್ಲಿಗೆ ಸಲ್ಲ.

ಕ್ಲಿಪ್ ಮುರಿದಿದ್ದರೆ ಅಂಟು ಹಾಕಿ ಉಳಿಸುವ ಪ್ರಯತ್ನ ಬಿಡಿ. ಆ ಕಡ್ಡಿ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಅಂಟು ಅದನ್ನು ತಿರುಗದ ಹಾಗೆ ಹಿಡಿದುಬಿಡುತ್ತದೆ. ಕೀಕ್ಯಾಪ್, ಕ್ಲಿಪ್, ರಬ್ಬರ್ ಸೇರಿಸಿ ಒಂದು ಕೀಯ ಸೆಟ್ ಆಗಿ ಬಿಡಿಯಾಗಿ ಮಾರುವವರಿದ್ದಾರೆ. ಆದರೆ ಬರೀ ಮಾಡೆಲ್ ನಂಬರ್ ನೋಡಿ ತರಿಸಬೇಡಿ. ಒಂದೇ ಮಾಡೆಲ್ ಲ್ಯಾಪ್‌ಟಾಪಿಗೆ ಬೇರೆ ಬೇರೆ ಕಂಪನಿ ಮಾಡಿದ ಕೀಬೋರ್ಡ್ ಹಾಕಿರುತ್ತಾರೆ, ಕ್ಲಿಪ್ಪಿನ ಆಕಾರ ಬೇರೆ ಇರುತ್ತದೆ. ನಿಮ್ಮ ಕ್ಲಿಪ್ ಮತ್ತು ತಗಡಿನ ಕೊಕ್ಕೆಗಳ ಫೋಟೋವನ್ನು ಮಾರುವವರ ಫೋಟೋ ಪಕ್ಕ ಇಟ್ಟು ಹೋಲಿಸಿ.

ಸೆಟ್ ಬರುವವರೆಗೆ ಕಾಯಲು ಆಗದಿದ್ದರೆ ನೀವು ಮುಟ್ಟದ ಕೀ ಒಂದರ ಕ್ಲಿಪ್ ಎರವಲು ತೆಗೆದುಕೊಳ್ಳಬಹುದು. 'ಆರ್' ಅಳತೆಯದೇ ಆಗಿರಬೇಕು. ಮೇಲಿನ ಸಾಲಿನ ಎಫ್ ಕೀಗಳು ಕುಳ್ಳಗಿರುತ್ತವೆ, ಅವುಗಳ ಕ್ಲಿಪ್ ಕೂರುವುದಿಲ್ಲ. ಅಳತೆ ಸರಿ ಇರುವ, ನಿಮಗೆ ಬೇಡದ ಚಿಹ್ನೆ ಕೀ ಇದ್ದರೆ ಅದು ನೋಡಿ. ಬಲಗಡೆ ನಂಬರ್ ಪ್ಯಾಡ್ ಇದ್ದರೆ ಅಲ್ಲೂ ಹುಡುಕಬಹುದು.

ತಗಡಿನ ಕೊಕ್ಕೆ ಬಾಗಿದ್ದರೆ ಸೂಜಿಯ ತುದಿಯಿಂದ ಒಂದೇ ಸಲ, ನಿಧಾನವಾಗಿ ಎತ್ತಿ. ಎರಡನೇ ಸಲ ಬಗ್ಗಿಸಿದರೆ ಮುರಿಯುತ್ತದೆ. ಕೊಕ್ಕೆ ಮುರಿದರೆ ಕ್ಲಿಪ್‌ಗೆ ಹಿಡಿತವೇ ಇಲ್ಲ. ಅಲ್ಲಿಗೆ ಆ ಕೀಯ ಕಥೆ ಮುಗಿಯಿತು.

ಬಿಟ್ಟುಬಂದ ರಬ್ಬರನ್ನು ಕೂರಿಸಲು ಸೂಪರ್ ಗ್ಲೂ ಬೇಡ. ಅದು ತೆಳ್ಳಗೆ ಹರಿದು ಅಂಚಿನ ಒಳಗೆ ಹೋಗುತ್ತದೆ, ಗಟ್ಟಿಯಾದ ಮೇಲೆ ರಬ್ಬರ್ ಕುಸಿಯುವುದಿಲ್ಲ. ಸ್ವಲ್ಪ ಸಿಲಿಕೋನ್ ಅಂಟನ್ನು ಕಡ್ಡಿಯ ತುದಿಯಲ್ಲಿ ತಗೊಂಡು ರಬ್ಬರಿನ ಹೊರ ಅಂಚಿಗೆ ಎರಡು ಮೂರು ಚುಕ್ಕೆ ಇಟ್ಟರೆ ಸಾಕು. ಅಂಚಿನ ಸುತ್ತಲೂ ಬಳಿದು ಮುಚ್ಚಬೇಡಿ, ಒಳಗಿನ ಗಾಳಿ ಹೊರಹೋಗಲು ಜಾಗ ಬೇಕು.

ಮತ್ತೆ ಜೋಡಿಸುವಾಗ ಕ್ಲಿಪ್ಪನ್ನು ಮೊದಲು ತಗಡಿನ ಕೊಕ್ಕೆಗಳಿಗೆ ಕೂರಿಸಿ. ಬೆರಳಿನಿಂದ ಎತ್ತಿ ಇಳಿಸಿದರೆ ಅದು ಎಲ್ಲೂ ತಡೆಯದೆ ಏಳಬೇಕು, ಇಳಿಯಬೇಕು. ಆಮೇಲೆ ಕೀಕ್ಯಾಪ್‌ನ ಜಾರುವ ಬದಿಯನ್ನು ಸಿಕ್ಕಿಸಿ, ಇನ್ನೊಂದು ಬದಿಯನ್ನು ಬೆರಳಿನಿಂದ ಒತ್ತಿ. ಎರಡು ಟಿಕ್ ಕೇಳಿಸಬೇಕು. ಒಂದೇ ಕೇಳಿಸಿದರೆ ಕೀ ಒಂದು ಮೂಲೆಯಲ್ಲಿ ನಿಂತಿದೆ. ನಿಮ್ಮ 'ಆರ್' ಈಗ ಅಲುಗಾಡುತ್ತಿರುವುದು ಬಹುಶಃ ಇದೇ ಕಾರಣಕ್ಕೆ. ಎಷ್ಟೋ ಸಲ ಬಿಚ್ಚಿ ಸರಿಯಾಗಿ ಕೂರಿಸಿದರೆ ಅಷ್ಟಕ್ಕೇ ಕೆಲಸ ಮುಗಿದಿರುತ್ತದೆ.

ಇಲ್ಲಿ ಒಂದು ಮಾತು. ನಾನು ಇಷ್ಟೂ ಹೇಳಿದ್ದು ಕತ್ತರಿ ಕ್ಲಿಪ್ಪಿನ ಕೀಬೋರ್ಡಿಗೆ. ಆಪಲ್ 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್‌ಗೆ ಬಟರ್‌ಫ್ಲೈ ಅನ್ನೋ ಬೇರೆ ರಚನೆ ತಂದಿತು. ಅದರಲ್ಲಿ ಕೀ ಇಳಿಯುವ ದೂರ ತೀರಾ ಕಡಿಮೆ. ಹಾಗಾಗಿ ಒಂದು ಚೂರು ಧೂಳು ಹೋದರೂ ಕೀ ಸಿಕ್ಕಿಹಾಕಿಕೊಳ್ಳುತ್ತಿತ್ತು. ದೂರು ಜಾಸ್ತಿಯಾಗಿ 2018ರಲ್ಲಿ ಕಂಪನಿಯೇ ಉಚಿತ ರಿಪೇರಿ ಯೋಜನೆ ಪ್ರಕಟಿಸಿತು. 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊನಿಂದ ಮತ್ತೆ ಕತ್ತರಿ ಕ್ಲಿಪ್‌ಗೇ ಮರಳಿತು. ಆ ನಡುವಿನ ಮ್ಯಾಕ್‌ಬುಕ್ ಇರುವವರು ಕೀಕ್ಯಾಪ್ ಬಿಚ್ಚಲು ಹೋಗಬೇಡಿ. ಬಹಳ ತೆಳು, ಮುರಿಯುವುದೇ ಜಾಸ್ತಿ.

ಏನಾದರೂ ಚೆಲ್ಲಿದ್ದರೆ

ನೀವು ಹೇಳಿಲ್ಲ, ಆದರೂ ನೆನಪು ಮಾಡಿಕೊಳ್ಳಿ. ಎಂದಾದರೂ ಕಾಫಿ, ಜ್ಯೂಸ್ ಬಿದ್ದಿತ್ತಾ? ಬಿದ್ದ ದಿನ ಏನೂ ಆಗದೆ ಕೆಲವು ವಾರ ಬಿಟ್ಟು ಕೀಗಳು ಒಂದೊಂದಾಗಿ ಕೈಕೊಡುವುದು ಸಾಮಾನ್ಯ. ನೀರು ಆರುತ್ತದೆ, ಸಕ್ಕರೆ ಉಳಿಯುತ್ತದೆ. ಶೀಟಿನ ಮೂರು ಪದರಗಳ ನಡುವೆ ನುಗ್ಗಿದ ತೇವ ಬೆಳ್ಳಿ ಬಣ್ಣದ ಆ ಗೆರೆಗಳನ್ನು ಮೆಲ್ಲಗೆ ತಿನ್ನುತ್ತದೆ. ಮೇಲಿನಿಂದ ಎಷ್ಟು ಒರೆಸಿದರೂ ಪದರಗಳ ನಡುವೆ ಕೈ ಹೋಗುವುದಿಲ್ಲ. ಆಲ್ಕೋಹಾಲ್ ಹಾಕಿದಾಗ ಎರಡು ದಿನ ಸರಿಹೋಗಿ ಮತ್ತೆ ಅದೇ ರಾಗ ಶುರುವಾದರೆ ಇದೇ ಕಥೆ ಅಂತ ತಿಳಿಯಿರಿ. ಮತ್ತೆ ಮತ್ತೆ ಒರೆಸುತ್ತಾ ಕೂರಬೇಡಿ.

ಮುಂದೆ ಎಂದಾದರೂ ಚೆಲ್ಲಿದರೆ ಫೈಲ್ ಸೇವ್ ಮಾಡುವುದಕ್ಕೂ ಕಾಯದೆ ಚಾರ್ಜರ್ ಕೀಳಿ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ತೆಗೆಯಿರಿ. ಲ್ಯಾಪ್‌ಟಾಪ್ ಅರ್ಧ ತೆರೆದು ಬೋರಲಾಗಿ ನಿಲ್ಲಿಸಿ, ಬಂದದ್ದು ಬಂದ ದಾರಿಯಲ್ಲೇ ಇಳಿಯಲಿ. ಒಂದೆರಡು ದಿನ ಆನ್ ಮಾಡಬೇಡಿ. ಹೇರ್ ಡ್ರೈಯರ್‌ನ ಬಿಸಿ ಗಾಳಿ ಪ್ಲಾಸ್ಟಿಕ್ಕನ್ನು ಸೊಟ್ಟಗೆ ಮಾಡುತ್ತದೆ. ಅಕ್ಕಿಯಲ್ಲಿ ಹೂತಿಟ್ಟರೆ ಅಕ್ಕಿಯ ಧೂಳು ಒಳಗೆ ಹೋಗುತ್ತದೆ, ಲಾಭ ಅಷ್ಟೇ.

ಶೀಟ್ ಹೋಗಿದ್ದರೂ ಸದ್ಯಕ್ಕೆ ದಾರಿ ಇದೆ

ಎರೇಸರ್ ಪರೀಕ್ಷೆಯಲ್ಲಿ ಶೀಟೇ ಹೋಗಿದೆ ಅಂತ ಗೊತ್ತಾದರೂ ನಾಳೆಯೇ ಓಡಬೇಕಿಲ್ಲ. ನೀವು ಬಳಸದ ಕೀ ಒಂದಕ್ಕೆ 'ಆರ್' ಕೆಲಸ ವಹಿಸಬಹುದು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟಿನದೇ ಉಚಿತ ಪವರ್‌ಟಾಯ್ಸ್ ಹಾಕಿಕೊಂಡರೆ ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ಇದೆ. ಬಲಗಡೆಯ ಕಂಟ್ರೋಲ್ ಅಥವಾ ಕ್ಯಾಪ್ಸ್ ಲಾಕ್ ಒತ್ತಿದರೆ 'ಆರ್' ಬೀಳುವ ಹಾಗೆ ಮಾಡಬಹುದು. ಆದರೆ ಇದು ಲಾಗಿನ್ ಆದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಪಾಸ್‌ವರ್ಡ್‌ನಲ್ಲೇ 'ಆರ್' ಇದ್ದರೆ ಬಾಗಿಲಲ್ಲೇ ನಿಲ್ಲುತ್ತೀರಿ. ಆಗ ಲಾಗಿನ್ ಪರದೆಯ ಮೂಲೆಯಲ್ಲಿರುವ ಆಕ್ಸೆಸಿಬಿಲಿಟಿ ಚಿತ್ರ ಒತ್ತಿ, ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದುಕೊಳ್ಳಿ. ಶಾರ್ಪ್‌ಕೀಸ್ ಅನ್ನೋ ಇನ್ನೊಂದು ಉಚಿತ ತಂತ್ರಾಂಶ, ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಬರೆಯುವುದರಿಂದ ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲೆ ಲಾಗಿನ್ ಪರದೆಯಲ್ಲೂ ನಡೆಯುತ್ತದೆ. ತಾನಾಗಿಯೇ ಅಕ್ಷರ ಸುರಿಸುವ ಕೀಯನ್ನು ಅದರಲ್ಲಿ ಪೂರ್ತಿ ಬಂದ್ ಕೂಡ ಮಾಡಬಹುದು. ಮ್ಯಾಕ್‌ನವರಿಗೆ ಕರಾಬಿನರ್ ಇದೆ.

ಎರಡೆರಡು ಬೀಳುವುದೊಂದೇ ತೊಂದರೆ ಆಗಿದ್ದರೆ, ಮೇಲೆ ಬೈದ ಫಿಲ್ಟರ್ ಕೀಸ್ ಒಳಗೇ ಬೌನ್ಸ್ ಕೀಸ್ ಅನ್ನೋ ಆಯ್ಕೆ ಇದೆ. ತಕ್ಷಣ ಮತ್ತೆ ಬಿದ್ದ ಅದೇ ಅಕ್ಷರವನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಿಜವಾಗಿಯೂ ಎರಡು 'ಆರ್' ಬೇಕಾದಾಗ ನಡುವೆ ಸ್ವಲ್ಪ ತಡೆದು ಒತ್ತಬೇಕು. ವೇಗವಾಗಿ ಟೈಪ್ ಮಾಡುವವರಿಗೆ ಕಿರಿಕಿರಿ.

ಬದಲಿಸುವುದೇ ಆದರೆ

ಹಳೆಯ ಲ್ಯಾಪ್‌ಟಾಪುಗಳಲ್ಲಿ ಕೆಲವು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಮೇಲಿನಿಂದಲೇ ಎದ್ದು ಬರುತ್ತಿತ್ತು. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡನ್ನು ಮೇಲಿನ ಕವಚಕ್ಕೆ ಹತ್ತಾರು ಪ್ಲಾಸ್ಟಿಕ್ ಗುಬುಟುಗಳನ್ನು ಕರಗಿಸಿ ಅಂಟಿಸಿರುತ್ತಾರೆ. ಬ್ಯಾಟರಿ, ಮದರ್‌ಬೋರ್ಡ್ ಎಲ್ಲ ಹೊರಗೆ ತೆಗೆದು, ಗುಬುಟು ಕತ್ತರಿಸಿ, ಹೊಸದನ್ನು ಕೂರಿಸಬೇಕು. ಕೀಬೋರ್ಡಿಗಿಂತ ಕೂಲಿಯೇ ದುಬಾರಿ ಆಗುವುದು ಅದಕ್ಕೆ. ನಿಮ್ಮದು ಸ್ಕ್ರೂನದಾ, ಗುಬುಟಿನದಾ ಅಂತ ಮೊದಲೇ ಕೇಳಿ. ಗುಬುಟಿನದಾದರೆ ನೀವೇ ಮಾಡಲು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಸ್ಕ್ರೂನದಾಗಿದ್ದು ಧೈರ್ಯ ಮಾಡುತ್ತೀರಾದರೆ, ಬ್ಯಾಟರಿಯ ಕನೆಕ್ಟರ್ ಬಿಡಿಸಿದ ಮೇಲೆಯೇ ಬೇರೆಯದನ್ನು ಮುಟ್ಟಿ. ರಿಬ್ಬನ್ ಕೇಬಲ್ ಎಳೆದು ಕೀಳಬೇಡಿ. ಅದರ ಸಾಕೆಟ್ಟಿನಲ್ಲಿ ಸಣ್ಣ ಲಾಕ್ ಇರುತ್ತದೆ. ಕೆಲವು ಬಾಗಿಲಿನಂತೆ ಮೇಲೇಳುತ್ತವೆ, ಕೆಲವು ಡ್ರಾಯರ್‌ನಂತೆ ಎರಡು ತುದಿ ಹಿಡಿದು ಹೊರಗೆ ಎಳೆಯುವಂಥವು. ಉಗುರಿನಿಂದ ಲಾಕ್ ಬಿಡಿಸಿದರೆ ಕೇಬಲ್ ತಾನಾಗಿ ಸಡಿಲ ಆಗುತ್ತದೆ. ಲಾಕ್ ಮುರಿದರೆ ಕೀಬೋರ್ಡ್ ಖರ್ಚು ಹೋಗಿ ಮದರ್‌ಬೋರ್ಡ್ ಖರ್ಚು ಬರುತ್ತದೆ. ಹೊಸ ಕೇಬಲ್ ನೆಟ್ಟಗೆ, ಪೂರ್ತಿ ಒಳಗೆ ಹೋಗಬೇಕು. ಒಂದು ಕೂದಲಷ್ಟು ಸೊಟ್ಟ ಆದರೂ ಅಲ್ಲೊಂದು ಇಲ್ಲೊಂದು ಕೀ ಕೆಲಸ ಮಾಡುವುದಿಲ್ಲ, ಆಗ ಹೊಸ ಕೀಬೋರ್ಡೇ ಕೆಟ್ಟದ್ದು ಅಂತ ಜನ ವಾಪಸ್ ಕಳಿಸುತ್ತಾರೆ.

ತರಿಸುವಾಗ ಹಳೇ ಕೀಬೋರ್ಡಿನ ಹಿಂದೆ ಅಂಟಿಸಿರುವ ಚೀಟಿಯ ಪಾರ್ಟ್ ನಂಬರ್ ಹೇಳಿ. ಎಂಟರ್ ಕೀಯ ಆಕಾರ, ಕೀಗಳಡಿ ಬೆಳಕು ಇದೆಯಾ ಇಲ್ಲವಾ, ಪವರ್ ಬಟನ್ ಕೀಬೋರ್ಡಿನಲ್ಲೇ ಇದೆಯಾ, ಇವು ಮೂರೂ ಹೊಂದಬೇಕು. ಬೆಳಕಿಗೆ ಬೇರೆಯೇ ಒಂದು ಸಣ್ಣ ಕೇಬಲ್ ಇರುತ್ತದೆ, ಮರೆತು ಮುಚ್ಚಿದರೆ ಮತ್ತೆ ಬಿಚ್ಚಬೇಕಾಗುತ್ತದೆ. ಸ್ಕ್ರೂ ಹಾಕುವ ಮೊದಲು ಕೇಬಲ್‌ಗಳನ್ನೂ ಬ್ಯಾಟರಿಯನ್ನೂ ಸಿಕ್ಕಿಸಿ, ಆನ್ ಮಾಡಿ ಪ್ರತಿ ಕೀಯನ್ನೂ ಒತ್ತಿ ನೋಡಿ. ಬೇರೆಯವರ ಕೈಲಿ ಮಾಡಿಸಿದರೆ ದುಡ್ಡು ಕೊಡುವ ಮೊದಲು ಅಲ್ಲೇ ಒತ್ತಿ ನೋಡಿ. ಹಳೇ ಕೀಬೋರ್ಡನ್ನು ಮಾತ್ರ ಬಿಟ್ಟು ಬರಬೇಡಿ, ಕೇಳಿ ತಗೊಳ್ಳಿ. ಹೊಸದರ ಕ್ಲಿಪ್ ಅದೇ ಆಕಾರದ್ದಾಗಿದ್ದರೆ, ಅದರಲ್ಲಿ ಎಂಬತ್ತು ತೊಂಬತ್ತು ಕೀಗಳ ಬಿಡಿಭಾಗ ಪುಕ್ಕಟೆ ನಿಮ್ಮ ಕೈಯಲ್ಲಿರುತ್ತದೆ.